ಯಾರಿಗೂ ಸೇರದ ನಲವತ್ತೊಂದು ಸೆಕೆಂಡು

ಕಂತು ಒಂಬತ್ತು

"ಮೂರನೇ ಲೋಟ ಯಾರಿಗೆ?" ಎಂದು ಅಪೊಂಡಿ ಕೇಳಿದಳು.

ಯಂತ್ರದ ಕೋಣೆಯಲ್ಲಿ ಕೂತಿದ್ದವರು ಇಬ್ಬರೇ. ಚಹಾ ತಂದ ನೆರೆಯಾ ಒಂದು ಲೋಟವನ್ನು ಅಪೊಂಡಿಯ ಪಕ್ಕ ಇಟ್ಟಳು, ಇನ್ನೊಂದನ್ನು ಕಲ್ವಾರೊ ಬಂದರಿನ ಮುಖ್ಯಸ್ಥ ಕೆಫಾ ಒಬುರನ ಮುಂದೆ. ಮೂರನೆಯದರ ಮೇಲೆ ತನ್ನ ಹೆಗಲ ಬಟ್ಟೆಯ ತುದಿ ಮುಚ್ಚಿ ಹಿಡಿದುಕೊಂಡಳು.

"ಒಕುಮುಗೆ." ಈ ಯಂತ್ರವನ್ನು ನೋಡಿಕೊಳ್ಳುತ್ತಿದ್ದವನು ಒಕುಮು.

ಕೆಫಾ ಎಣ್ಣೆಯಲ್ಲಿ ಕರಿದ ಮಂಡಾಜಿ ಮುರಿಯುತ್ತ ನಕ್ಕ. "ಅವನು ಮಣ್ಣು ಸೇರಿ ಒಂದೂವರೆ ತಿಂಗಳಾಯ್ತು, ಮ್ವಾಲಿಮು. ನಮ್ಮ ನೆರೆಯಾ ಮಾತ್ರ ಇನ್ನೂ ಕಳಿಸಿಕೊಟ್ಟಿಲ್ಲ. ನನಗೆ ಕೊಡೋದು ಮರೀತಾಳೆ, ಅವನಿಗೆ ಮರೆಯಲ್ಲ."

"ಅವನು ಒಂದು ದಿನಾನೂ ಸಕ್ಕರೆ ಕಮ್ಮಿ ಅಂದವನಲ್ಲ" ಎಂದಳು ನೆರೆಯಾ.

ಮ್ವಾಲಿಮು ಎಂದರೆ ಟೀಚರು. ಹೆಣ್ಣುಮಕ್ಕಳ ಶಾಲೆಯಲ್ಲಿ ಭೌತಶಾಸ್ತ್ರ ಹೇಳುವುದನ್ನು ಬಿಟ್ಟು, ಕೋರ್ಟು ಕಚೇರಿಗಳಿಗಾಗಿ ಡಿಸ್ಕುಗಳ ಹೊಟ್ಟೆ ಬಗೆದು ನೋಡುವ ಕೆಲಸ ಹಿಡಿದು ಅಪೊಂಡಿಗೆ ಹತ್ತು ವರ್ಷವಾಗಿತ್ತು. ಕೆಫಾ ಆ ಹಳೆಯ ಹೆಸರನ್ನೇ ಹಿಡಿದು ಕರೆಯುತ್ತಿದ್ದ. ಗೌರವಕ್ಕಲ್ಲ.

"ಎಲ್ಲಿ ಇಡ್ತೀರಿ ಅಮ್ಮ?"

"ಅವನ ಕೋಣೆ ಕಿಟಕಿ ಮೇಲೆ, ನೀರಿನ ಕಡೆಯಿಂದ. ಬಾಗಿಲಿಗೆ ಬೀಗ ಅಲ್ವಾ. ಹನ್ನೆರಡಕ್ಕೆ ಇಡ್ತೀನಿ, ಎರಡಕ್ಕೆ ಹೋಗಿ ತರ್ತೀನಿ."

"ಚಹಾ ಚೆಲ್ಲಿಬಿಡ್ತೀರಾ?"

ನೆರೆಯಾ ಕೆಫಾನ ಕಡೆ ನೋಡಿ, ಆಮೇಲೆ ನೆಲ ನೋಡಿದಳು. "ಚೆಲ್ಲೋಕೆ ಏನಾದ್ರೂ ಉಳಿದಿದ್ರೆ ತಾನೆ, ಉಯೋಮಾದ ಮಗಳೇ?"

"ಮಂಗ" ಎಂದ ಕೆಫಾ. "ದಂಡೆ ತುಂಬ ಮಂಗ."

"ಮಂಗ ಕುಡಿದು ಲೋಟ ಬೋರಲು ಹಾಕುತ್ತಾ ಯಜಮಾನ್ರೇ? ಒಕುಮು ಹಾಕ್ತಿದ್ದ ಹಾಗೆ?"

ಉತ್ತರಕ್ಕೆ ಕಾಯದೆ ಅವಳು ಹೊರಟುಹೋದಳು. ಹೊರಗೆ ನಡುಮಧ್ಯಾಹ್ನದ ಬಿಸಿಲು ಸರೋವರದ ಮೇಲೆ ಬಿದ್ದು ಚಾವಣಿಗೆ ಬೆಳಕು ಎರಚುತ್ತಿತ್ತು. ಒಣಗಲು ಹರಡಿದ ಒಮೆನಾ ಮೀನಿನ ವಾಸನೆ ಕಿಟಕಿಯ ಸಂದಿಯಿಂದ ಒಳಬರುತ್ತಿತ್ತು.

ಅಪೊಂಡಿ ಚಹಾ ಮುಟ್ಟಲಿಲ್ಲ. ಬೆಳಗಿನಿಂದ ನೀರನ್ನೂ ಮುಟ್ಟಿರಲಿಲ್ಲ. ಕೋರ್ಟು ಅವಳಿಗೆ ಕೊಟ್ಟದ್ದು ಈ ಒಂದು ದಿನ, ಸಂಜೆ ಐದರವರೆಗೆ. ಯಂತ್ರವನ್ನು ನೋಡಬಹುದು, ಅದರಲ್ಲಿ ಒಂದಕ್ಷರ ಬರೆಯುವಂತಿಲ್ಲ. ಪರೀಕ್ಷೆ ನಡೆಯುವಾಗ ಕೆಫಾ ಎದುರಿಗಿರಬೇಕು. ಅವಳು ಕೋಣೆಯ ಹೊಸ್ತಿಲು ದಾಟಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು, ಕಂಡದ್ದು ಯಾವುದೂ ಸಾಕ್ಷ್ಯವಲ್ಲ.

ಶುಕ್ರವಾರ ತೀರ್ಪು. 'ನ್ಯಾರ್ ನಾಮ್' ಲಾಂಚು ಮಗುಚಿ ಹತ್ತೊಂಬತ್ತು ಜನ ಮುಳುಗಿದ ಆ ಆಗಸ್ಟ್ ಹದಿನಾಲ್ಕರಂದು, ಬಂದರು ನಿಲ್ಲು ಎಂದರೂ ಕೇಳದೆ ಲಾಂಚು ಹೊರಡಿಸಿದನೆಂದು ಅವಳ ಚಿಕ್ಕಮ್ಮನ ಮಗ ಒಗ್ವೆನೊ ಜೈಲಿನಲ್ಲಿದ್ದ. ಸತ್ತವರ ಕಡೆಯವರು ಚಿಕ್ಕಮ್ಮನ ಮನೆಯ ತಗಡಿನ ಮೇಲೆ ಈಗಲೂ ಕಲ್ಲೆಸೆಯುತ್ತಿದ್ದರು. ಜಾಲರಿಯಾಚೆ ಕೂತು ಒಗ್ವೆನೊ ಹೇಳುತ್ತಿದ್ದುದು ಒಂದೇ ಮಾತು: "ಅಕ್ಕಾ, ಅವರೇ ಹೋಗು ಅಂದ್ರು."

ರೇಡಿಯೊದ ಧ್ವನಿಮುದ್ರಣದಲ್ಲಿ ಮಾತ್ರ 'ನಿಲ್ಲು' ಎಂದೇ ಇತ್ತು.

"ಈಗ ಹೇಳಿ" ಎಂದ ಕೆಫಾ. "ಬೆಳಗಿನಿಂದ ಆ ಬಣ್ಣದ ಚೌಕಗಳನ್ನೇ ನೋಡ್ತಿದ್ದೀರಲ್ಲ. ರಂಗೋಲಿನಾ ಅದು?"

"ಕಡತದ ತುಂಡುಗಳು ಡಿಸ್ಕಿನ ಮೇಲೆ ಎಲ್ಲೆಲ್ಲಿ ಬಿದ್ದಿವೆ ಅಂತ ತೋರಿಸುತ್ತೆ. ಇದು ಆ ದಿನ ಮಧ್ಯಾಹ್ನ ಎರಡರಿಂದ ಮೂರರ ಮುದ್ರಣ." ಅವಳು ಬೆರಳಿಟ್ಟು ತೋರಿಸಿದಳು. "ಒಂದರ ಪಕ್ಕ ಒಂದು, ಸಾಲಾಗಿ. ನಾಲ್ಕರಿಂದ ಐದರದ್ದೂ ಹೀಗೇ. ಮೂರರಿಂದ ನಾಲ್ಕರದ್ದು ನೋಡಿ. ಸಾಲು ಬರುತ್ತೆ, ಬರುತ್ತೆ, ನಡುವೆ ಹಲ್ಲು ಬಿದ್ದ ಹಾಗೆ ಒಂದು ಸಂದಿ. ಆ ಜಾಗದ ತುಂಡುಗಳು ಇಲ್ಲಿಲ್ಲ. ಡಿಸ್ಕಿನ ಇನ್ನೊಂದು ಮೂಲೆಯಲ್ಲಿವೆ. ನಲವತ್ತೊಂದು ಸೆಕೆಂಡಿನಷ್ಟು."

"ಅಷ್ಟೇನಾ?" ಕೆಫಾ ಕುರ್ಚಿಗೆ ಒರಗಿದ. "ಈ ವ್ಯವಸ್ಥೆ ಎಲ್ಲಾ ಕಡತಗಳನ್ನೂ ಚೆದುರಿಸುತ್ತೆ ಅಂತ ಒಕುಮುನೇ ಗೊಣಗ್ತಿದ್ದ. ಮೀನಿನ ತೂಕದ ಕಡತ ನೋಡಿ, ಸಾವಿರ ಚೂರಾಗಿದೆ."

"ಅದನ್ನ ದಿನಾ ತಿದ್ದುತ್ತೀರಿ, ಅದಕ್ಕೆ ಚೂರಾಗಿದೆ. ತಿದ್ದಿದಷ್ಟೂ ಚೆದುರುತ್ತೆ. ಒಂದೇ ಸಲ ಬರೆದು ಮುಟ್ಟದೆ ಬಿಟ್ಟ ಮುದ್ರಣ ಯಾಕೆ ಚೆದುರಬೇಕು?"

ಕೆಫಾ ಮಂಡಾಜಿಯ ಚೂರನ್ನು ಬಾಯಿಗೆ ಹಾಕಿಕೊಂಡ.

"ಇನ್ನೊಂದಿದೆ. ಇಲ್ಲಿ ಪ್ರತಿ ತುಂಡಿಗೂ ಹುಟ್ಟಿದ ಹೊತ್ತಿನ ಗುರುತು ಇರುತ್ತೆ. ಆ ಗಂಟೆಯ ಉಳಿದ ತುಂಡುಗಳೆಲ್ಲ ಆಗಸ್ಟ್ ಹದಿನಾಲ್ಕಕ್ಕೆ ಹುಟ್ಟಿವೆ. ಈ ನಲವತ್ತೊಂದು ಸೆಕೆಂಡು ಹುಟ್ಟಿದ್ದು ಸೆಪ್ಟೆಂಬರ್ ಆರಕ್ಕೆ. ಅದೇ ದಿನ, ಆಗಸ್ಟ್ ಹದಿನಾಲ್ಕರಿಂದ ಯಂತ್ರ ದಿನಕ್ಕೊಂದರಂತೆ ಇಟ್ಟುಕೊಂಡು ಬಂದಿದ್ದ ಇಪ್ಪತ್ಮೂರು ದಿನದ ಸ್ನ್ಯಾಪ್‌ಶಾಟ್‌ಗಳನ್ನೂ ಯಾರೋ ತೆಗೆದುಹಾಕಿದ್ದಾರೆ."

"ನಾನೇ ತೆಗೆಸಿದೆ. ಜಾಗ ಸಾಲ್ತಿರಲಿಲ್ಲ. ಆಯ್ತು, ಯಾವುದೋ ತುಂಡು ಕೆಟ್ಟಿತ್ತು, ಯಂತ್ರ ತಾನೇ ಸರಿ ಮಾಡಿಕೊಂಡಿದೆ ಅಂತಾರೆ ನಮ್ಮ ವಕೀಲರು. ಮೊದಲು ಅಲ್ಲಿ ಏನಿತ್ತು ತೋರಿಸಿ ಅಂತಾರೆ. ತೋರಿಸ್ತೀರಾ?"

ಅದೇ ಪ್ರಶ್ನೆ ಅವಳನ್ನೂ ಬೆಳಗಿನಿಂದ ಕಾಡುತ್ತಿತ್ತು. ತಿದ್ದಿದ್ದಾರೆಂದು ತೋರಿಸಿದರೆ ಅನುಮಾನ ಹುಟ್ಟುತ್ತದೆ. ಅನುಮಾನ ಒಗ್ವೆನೊನ ಬಾಗಿಲು ತೆರೆಯುವುದಿಲ್ಲ.

ಅವಳು ಮತ್ತೆ ಆ ಸಂದಿಯನ್ನೇ ನೋಡಿದಳು. ಡಿಸ್ಕಿನ ಯಾವ ಜಾಗ ಖಾಲಿ, ಯಾವುದು ಭರ್ತಿ ಎಂದು ಬರೆದಿಡುವ ಬೇರೆಯೇ ಪಟ್ಟಿಯೊಂದಿದೆ. ಆ ಪಟ್ಟಿಯನ್ನು ತೆರೆದು, ಸಂದಿಯ ಮೊದಲ ಅಂಕಿಯಿಂದ ಕೊನೆಯ ಅಂಕಿಯವರೆಗೆ ಒಂದೊಂದಾಗಿ ಸರಿಸಿದಳು.

ಕೊನೆಗೆ ಬಂದು, ಮತ್ತೆ ಮೊದಲಿನಿಂದ ಸರಿಸಿದಳು.

ಅವಳ ಊರಾದ ಉಯೋಮಾದಲ್ಲಿ ಯಜಮಾನ ಸತ್ತ ಮನೆಯನ್ನು ಯಾರೂ ರಿಪೇರಿ ಮಾಡುವುದಿಲ್ಲ. ಚಾವಣಿಯ ನೆತ್ತಿಯ ಕೋಲು ಮುರಿದು ಹಾಗೇ ಬಿಡುತ್ತಾರೆ. ಮಕ್ಕಳು ಬೇರೆ ಕಡೆ ಹೊಸ ಹಟ್ಟಿ ಕಟ್ಟಿಕೊಳ್ಳುತ್ತಾರೆ. ಮಳೆಗೆ ಗೋಡೆ ಕರಗಿ ನೆಲ ಸೇರಿದ ಮೇಲೂ ಸುತ್ತಲಿನ ಕಳ್ಳಿ ಬೇಲಿ ಮಾತ್ರ ಉಂಗುರದಂತೆ ಬೆಳೆಯುತ್ತಲೇ ಇರುತ್ತದೆ. ಒಳಗೆ ಹುಲ್ಲು ಬಿಟ್ಟರೆ ಏನೂ ಇಲ್ಲ. ಆದರೂ ಚಿಕ್ಕವಳಿದ್ದಾಗ ಅಪೊಂಡಿ ಆ ಉಂಗುರದ ಹೊರಗಿನಿಂದಲೇ ಸುತ್ತಿ ಹೋಗುತ್ತಿದ್ದಳು.

"ಕೆಫಾ ಅವರೇ, ಒಂದು ವಿಚಿತ್ರ ಇದೆ. ತುಂಡುಗಳು ಬೇರೆ ಕಡೆ ಹೋದ ಮೇಲೆ, ಸ್ನ್ಯಾಪ್‌ಶಾಟ್‌ಗಳನ್ನೂ ತೆಗೆದ ಮೇಲೆ, ಈ ಹಳೇ ಜಾಗ ಖಾಲಿ ಆಗಬೇಕಿತ್ತು. ಆಗಿಲ್ಲ. ಯಂತ್ರ 'ಭರ್ತಿ' ಅಂತಿದೆ. ಆದರೆ ಇಲ್ಲಿರೋ ಯಾವ ಕಡತವೂ ಇದು ನಂದು ಅಂತಿಲ್ಲ."

ಕೆಫಾ ಮುಂದಕ್ಕೆ ಬಾಗಿದ. ಮುಖ್ಯಸ್ಥನಾಗುವ ಮುಂಚೆ ಇಪ್ಪತ್ತು ವರ್ಷ ಅವನು ಇದೇ ಬಂದರಿನ ರೇಡಿಯೊ ತಂತ್ರಜ್ಞ. ಹಳೆಯ ಡಿಸ್ಕುಗಳ ಮೇಲೆ ಪಳಗಿದ ಕೈ. ಒಕುಮು ಈ ಹೊಸ ವ್ಯವಸ್ಥೆ ಹಾಕಿದಾಗ ಕಾಗದಕ್ಕೆ ಸಹಿ ಹಾಕಿದನೇ ಹೊರತು ಅದೇನೆಂದು ಕೂತು ಕೇಳಿರಲಿಲ್ಲ.

"ಸಾಧ್ಯವೇ ಇಲ್ಲ" ಎಂದ. ಧ್ವನಿಯಲ್ಲಿ ಭಯವಿರಲಿಲ್ಲ, ತಂತ್ರಜ್ಞನ ಸಿಡುಕಿತ್ತು. "ಹಳೇದು ಹೇಗೆ ಉಳಿಯುತ್ತೆ? ಅದರ ಮೇಲೇ ಬರೆದದ್ದಲ್ವಾ? ಅಳತೆ ಒಂದು ಕೂದಲೂ ತಪ್ಪದ ಹಾಗೆ, ಅದೇ ಜಾಗಕ್ಕೆ..."

ಅವನು ಪರದೆಯಿಂದ ಹಿಂದಕ್ಕೆ ಸರಿದ.

"ಯಾರು ಬರೆದದ್ದು?" ಎಂದು ಅಪೊಂಡಿ ಮೆಲ್ಲಗೆ ಕೇಳಿದಳು.

"ಯಾರಾದರೂ ಬರೆದಿದ್ದರೆ ಅಂದೆ."

"ಅದೇ ಜಾಗಕ್ಕೆ ಬರೆಯೋಕೆ ಇದು ಸ್ಲೇಟಲ್ಲ. ಇದು ಬರೆದದ್ದನ್ನ ಒರೆಸಲ್ಲ. ನೀವು ಅದರ ಮೇಲೇ ಬರೀತಿದ್ದೀನಿ ಅಂದುಕೊಂಡಾಗ ಹೊಸದನ್ನ ತಗೊಂಡು ಹೋಗಿ ಬೇರೆ ಕಡೆ ಬರೆಯುತ್ತೆ. ಆಮೇಲೆ 'ಇನ್ನು ಅಲ್ಲಿ ನೋಡಿ' ಅಂತ ಪಟ್ಟಿಯಲ್ಲಿ ಗುರುತು ಬದಲಾಯಿಸುತ್ತೆ. ಹಳೇದು ಇದ್ದಲ್ಲೇ ಇರುತ್ತೆ. ಯಾರಿಗೂ ಬೇಡ ಅಂತಾದ್ರೆ ಮಾತ್ರ ಜಾಗ ಬಿಟ್ಟುಕೊಡುತ್ತೆ."

"ಯಾರಿಗೂ ಬೇಡವಾಗಿತ್ತು."

"ಯಾರಿಗೋ ಬೇಕಾಗಿತ್ತು. ಸ್ನ್ಯಾಪ್‌ಶಾಟ್ ಅಂದ್ರೆ ನಕಲು ತೆಗೆಯೋದಲ್ಲ. ಆ ಹೊತ್ತಿನ ಪಟ್ಟಿಯನ್ನ ಹಿಡಿದಿಟ್ಟು, ಇದರಲ್ಲಿರೋ ಒಂದು ತುಂಡನ್ನೂ ಬಿಟ್ಟುಕೊಡಬೇಡ ಅಂತ ಆಣೆ ಹಾಕಿದ ಹಾಗೆ. ನೀವು ಇಪ್ಪತ್ಮೂರು ಆಣೆ ಬಿಡಿಸಿದ್ರಿ. ಇಪ್ಪತ್ನಾಲ್ಕನೇದು ಎಲ್ಲೋ ಇದೆ."

ರೇಡಿಯೊ ಮುದ್ರಣಗಳ ಹೆಸರಿನಡಿ ಅದು ಇರಲಿಲ್ಲ. ಅಲ್ಲಿದ್ದಿದ್ದರೆ ಕೆಫಾನ ಕಣ್ಣಿಗೇ ಬೀಳುತ್ತಿತ್ತು. ಹಾಗಾದರೆ ಹೆಸರು ಬದಲಿಸಿ ಬೇರೆಯದರ ಬೆನ್ನಿಗೆ ಕಟ್ಟಿರಬೇಕು. ಅಪೊಂಡಿ ಯಂತ್ರದಲ್ಲಿದ್ದ ಒಂದೊಂದೇ ವಿಭಾಗವನ್ನು ತೆರೆಯುತ್ತ ಹೋದಳು. ಸಂಬಳ. ಹಡಗುಗಳ ಬರವು. ಹವಾಮಾನ. ಸಾವಿರ ಚೂರಾಗಿದ್ದ ಮೀನಿನ ತೂಕ.

ಅಲ್ಲಿತ್ತು. ಯಾರೂ ಹುಡುಕದ ಕಡೆ, ಮೀನಿನ ಕೆಳಗೆ. ಅದಕ್ಕೆ ಇಟ್ಟಿದ್ದ ಹೆಸರು: 'ನೀರಿಗೆ-ಮೊದಲು'.

ಅವಳು ಕೆಫಾನ ಮುಖ ನೋಡದೆ ಅದನ್ನು ತೆರೆದಳು. ಮೂರರ ಗಂಟೆಯ ಕಡತ. ಆ ಸಂದಿ ಇಲ್ಲಿ ತುಂಬಿತ್ತು. ಅವಳು ಅಲ್ಲಿಂದ ಮುದ್ರಣವನ್ನು ಹಾಕಿದಳು.

ಗಾಳಿಯ ಸದ್ದು. ಎಂಜಿನ್ನು. ಆಮೇಲೆ ಒಗ್ವೆನೊ, ಎಂಟು ವಾರ ಜೈಲಿನ ಗಂಜಿ ಕುಡಿಯುವುದಕ್ಕೆ ಮುಂಚಿನ ತುಂಬು ಗಂಟಲಿನಲ್ಲಿ: "ಕಲ್ವಾರೊ, ಗಾಳಿ ತಿರುಗ್ತಾ ಇದೆ. ನಿಲ್ಲಲಾ, ಹೋಗಲಾ?"

ಒಂದು ಕ್ಷಣ ಏನೂ ಇಲ್ಲ. ಮೈಕಿನಿಂದ ಸ್ವಲ್ಪ ದೂರದಲ್ಲಿ ಯಾರೋ ಕೆಮ್ಮಿದರು. ಒಣ ಕೆಮ್ಮು, ನಡುವೆ ಮುರಿದ ಹಾಗೆ. ಒಂದೇ ಸಲ.

ಆಮೇಲೆ ಕೆಫಾನ ಧ್ವನಿ. "ಹೋಗು, ಹೋಗು. ಆಚೆ ದಡದಲ್ಲಿ ಮಂತ್ರಿ ಕಡೆಯವರು ಕಾಯ್ತಿದ್ದಾರೆ. ಇದೇನು ಗಾಳಿನಾ? ನಿನ್ನಜ್ಜಿ ಇದಕ್ಕೆ ಬಟ್ಟೆ ಒಣಗಿಸ್ತಿದ್ಳು."

ನಲವತ್ತೊಂದು ಸೆಕೆಂಡು ಮುಗಿಯಿತು. ಕೋಣೆಯಲ್ಲಿದ್ದ ಕೆಫಾ ತನ್ನದೇ ಧ್ವನಿ ಬಂದ ಡಬ್ಬಿಯನ್ನು ನೋಡುತ್ತಿದ್ದ, ತನ್ನ ಬಟ್ಟೆ ತೊಟ್ಟ ಇನ್ನೊಬ್ಬನನ್ನು ದಾರಿಯಲ್ಲಿ ಕಂಡವನಂತೆ.

"ಕೆಮ್ಮಿದ್ದು ಒಕುಮು" ಎಂದಳು ಅಪೊಂಡಿ. "ಆ ಮುರಿದ ಕೆಮ್ಮು ಇಡೀ ಬಂದರಿಗೆ ಗೊತ್ತು. ಅವನು ಪಕ್ಕದಲ್ಲೇ ಇದ್ದ. ಕೇಳಿಸಿಕೊಂಡ. ಮೂರು ದಿನಕ್ಕೆ ಅವನ ಹೆಣ ಜೊಂಡಿನಲ್ಲಿ ಸಿಕ್ಕಿತು."

"ಜಾರಿ ಬಿದ್ದ. ಪೊಲೀಸರು ಬರೆದಿದ್ದಾರೆ."

"ಮುಖ ಗುರುತು ಸಿಗೋ ಹಾಗಿರಲಿಲ್ಲ, ಅಂಗಿ ಮತ್ತು ಬೀಗದ ಕೈ ನೋಡಿ ಗುರುತು ಹಿಡಿದದ್ದು ಅಂತಾನೂ ಬರೆದಿದ್ದಾರೆ."

ಕೆಫಾ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಲೋಟ ಕೆಳಗಿಟ್ಟಾಗ ಅವನ ಮುಖ ಮತ್ತೆ ಮುಖ್ಯಸ್ಥನದಾಗಿತ್ತು.

"ಒಳ್ಳೇ ಪಾಠ ಮಾಡಿದೆ, ಮ್ವಾಲಿಮು. ಈಗ ನಾನೊಂದು ಕೇಳ್ತೀನಿ. ಆ ಇಪ್ಪತ್ನಾಲ್ಕನೇದನ್ನ ಇಟ್ಟದ್ದು ಯಾರು? ಯಾವತ್ತು? ಅದೂ ಬರೆದಿರುತ್ತಲ್ಲ ನಿನ್ನ ಯಂತ್ರದಲ್ಲಿ? ಓದು."

ನೀವು ಹೋಗಿ ನೀನು ಬಂದದ್ದನ್ನು ಅವಳು ಗಮನಿಸಿದಳು. ಯಂತ್ರಕ್ಕೆ ಕೊಟ್ಟ ಪ್ರತಿ ಆದೇಶವೂ ಸಾಲಾಗಿ ದಾಖಲಾಗುವ ಚರಿತ್ರೆಯನ್ನು ತೆರೆದು ಸೆಪ್ಟೆಂಬರ್‌ಗೆ ಇಳಿದಳು.

ನಾಲ್ಕನೇ ತಾರೀಕು. ಕೊಟ್ಟವರ ಹೆಸರು: ಒಕುಮು.

ಒಕುಮುವನ್ನು ಮಣ್ಣು ಮಾಡಿದ್ದು ಆಗಸ್ಟ್ ಇಪ್ಪತ್ತಾರಕ್ಕೆ. ಅಂದು ಅಪೊಂಡಿಯೂ ಹೋಗಿದ್ದಳು. ಕೆಂಪು ಮಣ್ಣಿನ ಮೊದಲ ಹಿಡಿ ಪೆಟ್ಟಿಗೆಯ ಮೇಲೆ ಬಿದ್ದ ಸದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು.

"ಜಡ್ಜಿನ ಮುಂದೆ ನಿಂತು ಹೇಳು" ಎಂದ ಕೆಫಾ. "ಸ್ವಾಮಿ, ಈ ಸಾಕ್ಷ್ಯ ಇಟ್ಟದ್ದು ಸತ್ತವನು, ಸತ್ತು ಹದಿನೆಂಟು ದಿನದ ಮೇಲೆ. ನಗ್ತಾರೆ. ಆಮೇಲೆ ಕೇಳ್ತಾರೆ, ಅವನ ಹೆಸರಿನಲ್ಲಿ ಒಳಗೆ ಬಂದು ಸುಳ್ಳು ಧ್ವನಿ ತುಂಬಿದವರು ಯಾರು, ಒಗ್ವೆನೊನ ಅಕ್ಕನಾ ಅಂತ. ಇಟ್ಟ ಕೈ ತಂದು ನಿಲ್ಲಿಸು. ಇಲ್ಲದಿದ್ರೆ ನಿನ್ನ ನಲವತ್ತೊಂದು ಸೆಕೆಂಡಿಗೆ ಅಪ್ಪ ಅಮ್ಮ ಯಾರೂ ಇಲ್ಲ."

ಅವನು ಹೇಳಿದ್ದು ಸರಿ ಎಂಬುದೇ ಅವಳಿಗೆ ನುಂಗಲಾಗದ ತುತ್ತಾಯಿತು. ಧ್ವನಿ ಸಿಕ್ಕಿತು. ಸಾಕ್ಷಿ ಬೇಕು. ಬದುಕಿರುವ ಸಾಕ್ಷಿ, ಶುಕ್ರವಾರದೊಳಗೆ.

ಅವಳು ಮತ್ತೆ ಪರದೆ ನೋಡಿದಳು. ಆದೇಶದ ಪಕ್ಕದಲ್ಲಿ ಅದು ಯಾವ ಯಂತ್ರದಿಂದ ಬಂತೆಂದೂ ಬರೆದಿತ್ತು. ಗೋಡೆಯಾಚೆಯ ಕೋಣೆ. ಒಕುಮುನ ಮೇಜು.

"ಆ ಕೋಣೆ ಯಾವಾಗ ತೆರೆದಿರಿ?"

"ತೆರೆದೇ ಇಲ್ಲ. ಸತ್ತವನ ಸಾಮಾನು ಮನೆಯವರು ಬಂದು ಎತ್ತಬೇಕು. ಹೆಂಡತಿ ತಲೆ ಬೋಳಿಸೋ ಶಾಸ್ತ್ರ ಮುಗಿದ ಮೇಲೆ ಬರ್ತೀನಿ ಅಂದಿದ್ದಾಳೆ. ಅಲ್ಲಿವರೆಗೆ ಇಲ್ಲಿ ಒಬ್ಬನೂ ಆ ಮೇಜು ಮುಟ್ಟಲ್ಲ, ಸ್ವಿಚ್ಚು ಕೂಡ ಆರಿಸಿಲ್ಲ." ಅವನು ಅಂಗಿಯೊಳಗಿಂದ ದಾರ ಎಳೆದ. ತುದಿಯಲ್ಲಿ ಹಿತ್ತಾಳೆಯ ಬೀಗದ ಕೈ. "ಹೆಣದ ಜೇಬಿನಲ್ಲಿ ಸಿಕ್ಕಿದ್ದು. ಇರೋದು ಇದೊಂದೇ."

ಆಗ ಪರದೆಯ ಮೇಲೆ ಚರಿತ್ರೆಯ ಕೊನೆಯ ಸಾಲಿನ ಕೆಳಗೆ ಇನ್ನೊಂದು ಸಾಲು ಮೂಡಿತು.

ಅಪೊಂಡಿಯ ಕೈಗಳು ಮಡಿಲಲ್ಲಿದ್ದವು. ಕೆಫಾನ ಕೈಯಲ್ಲಿ ಬೀಗದ ಕೈ ಇತ್ತು.

ಹೊಸ ಸ್ನ್ಯಾಪ್‌ಶಾಟ್. ಹೊತ್ತು: ಈಗ. ಕೊಟ್ಟವರು: ಒಕುಮು. ಹೆಸರು: 'ಅಪೊಂಡಿ-ಬಂದಳು'.

ಇಬ್ಬರೂ ಓದಿದರು. ಗೋಡೆಯಾಚೆ ಏನೋ ನೆಲಕ್ಕೆ ತಾಗಿದ ಸಣ್ಣ ಸದ್ದಾಯಿತು. ಕುರ್ಚಿಯ ಕಾಲು ಸರಿದ ಹಾಗೆ.

ಕೆಫಾ ಎದ್ದ. ಬಾಗಿಲ ಪಕ್ಕದ ಮೂಲೆಯಲ್ಲಿ ದೋಣಿ ಎಳೆಯುವ ಕಬ್ಬಿಣದ ಕೊಕ್ಕೆ ಒರಗಿಸಿತ್ತು. ಅದನ್ನು ಕೈಗೆ ತೆಗೆದುಕೊಂಡ.

"ಕೆಫಾ ಅವರೇ, ಕೂತ್ಕೊಳ್ಳಿ. ನೀವು ಎದುರಿಗಿರಬೇಕು ಅಂತ ಆದೇಶ ಇದೆ."

"ನಿನಗೂ ಇದೆ" ಎಂದ ಅವನು, ತಿರುಗದೆ. "ಹೊಸ್ತಿಲು ದಾಟು, ನೋಡೋಣ."

ಮೊಗಸಾಲೆಯಲ್ಲಿ ಅವನ ಬೂಟಿನ ಸದ್ದು ದೂರವಾಯಿತು.

ಅವಳ ಮುಂದೆ ನಲವತ್ತೊಂದು ಸೆಕೆಂಡಿತ್ತು. ಗೋಡೆಯಾಚೆ ಅದನ್ನು ಉಳಿಸಿದ ಕೈ ಇತ್ತು. ಇಲ್ಲೇ ಕೂತರೆ ಧ್ವನಿ ಉಳಿಯುತ್ತದೆ, ಅದಕ್ಕೆ ಸಾಕ್ಷಿ ಹೇಳುವವರು ಉಳಿಯುವುದಿಲ್ಲ. ಎದ್ದು ಹೋದರೆ ಕೋರ್ಟಿನ ಮಟ್ಟಿಗೆ ಅವಳು ಇಂದು ಏನನ್ನೂ ಕೇಳಿಲ್ಲ. ಜಾಲರಿಯಾಚೆಯ ಒಗ್ವೆನೊ ಕಣ್ಣಿಗೆ ಬಂದ. ಆಮೇಲೆ ಜೊಂಡಿನಲ್ಲಿ ಸಿಕ್ಕ ಹೆಣ.

ಬೀಗದ ಕೈ ತಿರುಗಿದ ಸದ್ದು ಕೇಳಿತು.

ಅವಳು ಎದ್ದಳು. ಹೊಸ್ತಿಲು ದಾಟಿದಳು.

ಒಕುಮುನ ಕೋಣೆಯ ಬಾಗಿಲು ತೆರೆದಿತ್ತು. ಕೆಫಾ ಒಳಗೆ ಹೋಗಿರಲಿಲ್ಲ. ಕೊಕ್ಕೆಯನ್ನು ಅರ್ಧ ಎತ್ತಿ ಹಿಡಿದು ಬಾಗಿಲಲ್ಲೇ ನಿಂತಿದ್ದ. "ಯಾರೂ ಇಲ್ಲ" ಎಂದ.

ಅವನ ತೋಳಿನ ಪಕ್ಕದಿಂದ ಅಪೊಂಡಿ ನೋಡಿದಳು. ಕುರ್ಚಿ ಹಿಂದಕ್ಕೆ ಸರಿದಿತ್ತು. ಪರದೆ ಬೆಳಗುತ್ತಿತ್ತು. ಮೇಜಿನ ಮೇಲೆ, ಕಪಾಟಿನ ಮೇಲೆ, ನೆಲದ ಮೇಲೆ ಎಂಟು ವಾರದ ದೂಳು. ಕೀಲಿಮಣೆಯ ಮೇಲೆ ಮಾತ್ರ ಇರಲಿಲ್ಲ. ಸರಳಿನ ಕಿಟಕಿಯ ಕಟ್ಟೆಯಲ್ಲಿ ಲೋಟ ಬೋರಲು ಬಿದ್ದಿತ್ತು. ಅವಳು ಒಳಗೆ ಹೋಗಿ ಮುಟ್ಟಿದಳು. ಇನ್ನೂ ಬೆಚ್ಚಗಿತ್ತು.

ಆಗಲೇ ಅವಳ ಬೆನ್ನ ಹಿಂದೆ, ಅವಳು ಈಗಷ್ಟೇ ಬಿಟ್ಟುಬಂದ ಯಂತ್ರದ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಬಿದ್ದ ಸದ್ದು ಸ್ಪಷ್ಟವಾಗಿ ಕೇಳಿತು.

ಗೋಡೆಯ ಮೂಲಕ ಗಾಳಿಯ ಸದ್ದು ಬಂತು, ಎಂಜಿನ್ನಿನ ಸದ್ದು ಬಂತು. ಯಾರೋ ಮುದ್ರಣವನ್ನು ಮೊದಲಿನಿಂದ ಹಾಕಿದ್ದರು.

"ಕಲ್ವಾರೊ, ಗಾಳಿ ತಿರುಗ್ತಾ ಇದೆ. ನಿಲ್ಲಲಾ, ಹೋಗಲಾ?"

ಆಮೇಲೆ ಕೆಮ್ಮು. ಒಣ ಕೆಮ್ಮು, ನಡುವೆ ಮುರಿದ ಹಾಗೆ.

ಕೆಫಾನ ಕೈಯಿಂದ ಕೊಕ್ಕೆ ಜಾರಿ ನೆಲಕ್ಕೆ ಬಿತ್ತು. ಮುದ್ರಣದಲ್ಲಿ ಆ ಕೆಮ್ಮು ಒಂದೇ ಸಲ ಇತ್ತು. ಈಗ ಗೋಡೆಯಾಚೆ ಅದು ಇನ್ನೊಮ್ಮೆ ಕೇಳಿತು.